ಸಿ. ಅಂದರೆ?

ಲಾಲ್‌ಬಾಗಿನ ಪಾಲಿಕೆ ಕಟ್ಟಡ, ಜನನ-ಮರಣದ ಕೌಂಟರು.
ಎಡಗೈಗೆ ಹುಟ್ಟು, ಬಲಗೈಗೆ ಸಾವು,
ನಡುವೆ ನಾನು, ನನ್ನ ಫ್ಲಾಸ್ಕು, ಅಂಟಿನ ಬಾಟಲಿ.
ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ:
ಕೆಲವು ಹೆಸರು ಬಲಗಡೆಯ ಪುಸ್ತಕದಿಂದ ಹೊರಡುತ್ತವೆ,
ಎಡಗಡೆಯದಕ್ಕೆ ಮರಳುವುದಿಲ್ಲ.
ಐತ. ತುಕ್ರ. ಅಂಗಾರ. ಗುರುವ.
ಹೋದ ಆಟಿಯಲ್ಲಿ ಒಂದೇ ವಾರ ಮೂರು ಚನಿಯ.
ಎಡಗಡೆ ಆ ವಾರ
ಇಬ್ಬರು ವಿಹಾನ್, ಒಬ್ಬ ಕಿಯಾನ್, ಒಬ್ಬ ರಿಯಾನ್,
ಒಂದೇ ಬಾಲದ ಮರಿಗಳು.

ಹಳೇ ದಫ್ತರು ಕಂಪ್ಯೂಟರಿಗೆ ಏರಿಸುವಾಗ ಎಣಿಸಿದ್ದೆ,
ಸಂಬಳಕ್ಕಲ್ಲ, ಸುಮ್ಮನೆ:
ಐವತ್ತಾರನೇ ಇಸವಿ, ಒಂದೇ ವಾರ್ಡಿನಲ್ಲಿ ನಲವತ್ತೊಂದು ಚನಿಯ.
ಎಪ್ಪತ್ತೆಂಟರಲ್ಲಿ ಒಂಬತ್ತು.
ತೊಂಬತ್ತಮೂರರಲ್ಲಿ ಒಬ್ಬ; ಅವನ ಮೇಲೂ ಗೀಟು,
ಪಕ್ಕದಲ್ಲಿ ಬೇರೆ ಶಾಯಿಯ ‘ಚಂದ್ರಹಾಸ’.
ಜನಪ್ರಿಯವೆನ್ನಬೇಕೆ ಇದನ್ನು?
ಪ್ರೀತಿಯಿಂದ ಇಟ್ಟರೆ ತಾನೆ ಪ್ರಿಯ.

ಕೂಸನ್ನೆತ್ತಿಕೊಂಡು ತಾಯಿ ಅಂಗಳದ ಹೊರಗೆ ನಿಂತಿದ್ದಾಳೆ.
ಚಾವಡಿಯಲ್ಲಿ ಧನಿಗಳು ಎಲೆಗೆ ಸುಣ್ಣ ಸವರುತ್ತ, ತಲೆಯೆತ್ತದೆ:
‘ಇನಿ ವಾ ವಾರ?’
ಅಷ್ಟೇ ನಾಮಕರಣ.
ಶನಿವಾರವಾದರೆ ಚನಿಯ, ಹೆಣ್ಣಾದರೆ ಚನಿಯಾರು.
ಕ್ಯಾಲೆಂಡರಿನ ಹಾಳೆ ಹರಿದು
ಮಗುವಿನ ಹಣೆಗೆ ಅಂಟಿಸಿದ ಹಾಗೆ.
ಇದನ್ನು ನನಗೆ ಹೇಳಿದವ ನಮ್ಮ ಜವಾನ ಬಾಬು,
ನಗುತ್ತ. ಅವನ ಅಜ್ಜ ತುಕ್ರ.

ನಮ್ಮಲ್ಲಿ ಬೇರೆ. ಅಜ್ಜನ ಹೆಸರು ಮೊದಲ ಮೊಮ್ಮಗನಿಗೆ.
ವೆಲೆನ್ಸಿಯಾದ ಮಣ್ಣಿಗೆ ಇಳಿದ ಬೊನಿಫಾಸ್
ಮರುವರ್ಷ ತೊಟ್ಟಿಲಲ್ಲಿ ಹಾಲು ಕಕ್ಕುತ್ತಾನೆ.

ನಿನ್ನೆ ಒಬ್ಬ ಬಂದ, ಅಂಗಿಯ ಜೇಬಲ್ಲಿ ಟೆಸ್ಟರು.
ಅರ್ಜಿಯಲ್ಲಿ ತಂದೆಯ ಹೆಸರು: ದಿನಕರ ಸಿ.
‘ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಿರಿ.
ಸಿ. ಅಂದರೆ?’
ಹಿಂದಿನ ಸಾಲನ್ನೊಮ್ಮೆ ತಿರುಗಿ ನೋಡಿದ.
‘ಚನಿಯ. ಅಪ್ಪ.’
ಬಲಗಡೆ ನಾನೇ ಬರೆದ ಮೂವರಲ್ಲಿ ಒಬ್ಬನಿರಬೇಕು.
ಆಮೇಲೆ, ಕೇಳದೆಯೇ ಹೇಳಿದ:
ಜಪ್ಪಿನ ಹಂಚಿನ ಕಾರ್ಖಾನೆ, ಮೂವತ್ತೊಂದು ವರ್ಷ.
ಮಸ್ಟರಿನಲ್ಲಿ ಏಳು ಮಂದಿ ಚನಿಯ; ಅಪ್ಪ, ಚನಿಯ ನಾಲ್ಕು.
ಹಸಿ ಹಂಚು ಹೊತ್ತು ಒಣಗುವ ಅಟ್ಟದ ತನಕ ದಿನವಿಡೀ.
ಓಡಿದವನ ಹಂಚು ಸೊಟ್ಟ.
ಅಪ್ಪ ಓಡಿದ್ದಿಲ್ಲ.

ಆಗ ನೆನಪಾಯಿತು ಪಿಯುಸಿಯ ಸಂಸ್ಕೃತ,
ಬರೀ ಅಂಕಕ್ಕೆಂದು ಉರುಹೊಡೆದದ್ದು:
ಶನೈಃ ಎಂದರೆ ಮೆಲ್ಲಗೆ. ಶನೈಶ್ಚರ, ಮೆಲ್ಲನೆ ನಡೆವವನು.
ಹೇಳಬೇಕೆನಿಸಿತು. ಸಾಲು ಉದ್ದವಿತ್ತು.

ಮಗುವಿನ ಹೆಸರಿನ ಜಾಗದಲ್ಲೂ ಅದೇ ಮೂರಕ್ಷರ.
‘ಹುಟ್ಟಿದ್ದು ಬುಧವಾರ ಅಲ್ವಾ’ ಅಂದುಬಿಟ್ಟೆ,
ನಾಲಿಗೆ ಕಚ್ಚಿಕೊಂಡೆ.
‘ವಾರಕ್ಕಲ್ಲ ಮೇಡಂ, ಅಪ್ಪನಿಗೆ.’
ಪಕ್ಕದಲ್ಲಿ ಹೆಂಡತಿ, ಮುಖ ಗಂಟು. ಅವಳ ಫೋನಿನಲ್ಲಿ
ಹೆಸರುಗಳ ಪಟ್ಟಿ ಇನ್ನೂ ತೆರೆದೇ ಇತ್ತು,
ಹೆಬ್ಬೆರಳು ‘ಶ್ರೇಯಾನ್’ ಮೇಲೆ.
‘ಶಾಲೆಯಲ್ಲಿ ನಗುತ್ತಾರೆ’ ಎಂದಳು, ನನಗೆ ಹೇಳುವಂತೆ.
ಅವಳದೂ ಸುಳ್ಳಲ್ಲ.

ಟೈಪು ಮಾಡಿದೆ. ಅಡಿಯಲ್ಲಿ ಕೆಂಪು ಗೆರೆ ಬಂತು.
ಚಾಣಕ್ಯನೇ, ಚಿನ್ಮಯನೇ ಎಂದು ಯಂತ್ರ ಕೇಳಿತು.
ಅಲ್ಲ ಎಂದೆ. ಮತ್ತೆ ಕೇಳಿತು.
ಪ್ರತಿ ಎಷ್ಟು ಬೇಕು? ಐದು.
ನಾಲ್ಕನ್ನು ಮಡಿಸಿ ಜೇಬಿಗಿಟ್ಟ,
ಒಂದನ್ನು ಮಡಿಸಲಿಲ್ಲ.
ಮಗು ಅಷ್ಟರಲ್ಲಿ ಅವಳ ಹೆಗಲ ಮೇಲೆ ನಿದ್ದೆ.
ಮೆಟ್ಟಿಲಿಳಿಯುವಾಗ ಇಬ್ಬರೂ
ಅವನಿಗೆ ಎಚ್ಚರವಾಗದ ಹಾಗೆ
ಒಂದೊಂದೇ ಹೆಜ್ಜೆ.